ತುಟಿಯ ಕೆಂಪು

ಚೈತ್ರದ ಬಿಸಿಲು ನೆತ್ತಿಗೇರಿದ್ದ ಹೊತ್ತಿನಲ್ಲಿ ಡಾಕ್ಟರು ನಿಂಗಾಜಮ್ಮನ ದವಡೆಹಲ್ಲು ಕಿತ್ತರು. ಹಲ್ಲಿನ ಜೊತೆ ನರವೂ ಹರಿಯಿತು. ಕೆಳತುಟಿ ಅಂದಿನಿಂದ ಸತ್ತಂತಾಯಿತು. ಪರಿಹಾರ ಕೇಳಿ ಎರಡು ವರ್ಷ ಗ್ರಾಹಕರ ಕೋರ್ಟಿಗೆ ಅಲೆದಳು. ತುಟಿಗೆ ಏನೂ ತಿಳಿಯುವುದಿಲ್ಲ ಎಂಬುದನ್ನು ಯಾರಿಗೆ, ಹೇಗೆ ತೋರಿಸುವುದು?

ಕಡೆಯ ವಿಚಾರಣೆಯ ದಿನ ಅವಳು ಬುತ್ತಿ ಉಂಡು ಒಳಗೆ ಬರುತ್ತಲೇ ಡಾಕ್ಟರ ವಕೀಲರು ನಕ್ಕರು.

"ನೋಡಿ ಸ್ವಾಮಿ, ಅಜ್ಜಿ ಸೊಗಸಾಗಿ ಎಲೆಅಡಿಕೆ ಜಗಿದು ಬಂದಿದ್ದಾರೆ. ತುಟಿ ಸತ್ತಿದೆಯಂತೆ."

"ಹೌದೇನಮ್ಮ?" ನ್ಯಾಯಾಧೀಶರು ಕೇಳಿದರು.

"ಹಲ್ಲು ಕಿತ್ತ ದಿನದಿಂದ ಎಲೆ ಮುಟ್ಟಿಲ್ಲ ಬುದ್ಧಿ. ಯಾಕೆ, ತುಟಿಗೇನಾಗ್ಯದೆ?"

ಸೆರಗಿನಿಂದ ಒರೆಸಿಕೊಂಡಳು. ಒರೆಸಿದಷ್ಟೂ ರಕ್ತ ಬಂತು. ಉಣ್ಣುವಾಗ ತುಟಿ ಕಚ್ಚಿಕೊಂಡದ್ದು ಅವಳಿಗೆ ಗೊತ್ತೇ ಇರಲಿಲ್ಲ.

ಆ ದಿನ ಕೋರ್ಟಿನಿಂದ ಮೊದಲು ಎದ್ದು ಹೊರಟವರು ಡಾಕ್ಟರು.