ರುಚಿ ಹತ್ತಿದ ಬೆಳಿಗ್ಗೆ

ಬಸುರಿ ಮಗಳ ವಾಕರಿಕೆಯನ್ನು ಹಡೆದವ್ವ ಹೊರುವುದು ಈಗ ಎಲ್ಲ ಮನೆಗಳ ವಾಡಿಕೆ. ಇಬ್ಬರೂ ಮುಂಗೈಗೆ ಒಂದೊಂದು ಪಟ್ಟಿ ಕಟ್ಟಿಕೊಂಡರಾಯಿತು, ಮಗಳ ಸಂಕಟವೆಲ್ಲ ಅವ್ವನಿಗೆ ಬರುತ್ತದೆ. ನೀಲಾಳಿಗೆ ಅವ್ವ ಇರಲಿಲ್ಲ. ಹಾಗಾಗಿ ಗದಗಿನಲ್ಲಿ ಖಾನಾವಳಿ ನಡೆಸುವ ಅಪ್ಪ ಮಡಿವಾಳಪ್ಪನೇ ಪಟ್ಟಿ ಕಟ್ಟಿಕೊಂಡಿದ್ದ. ಓಣಿಯ ಮಂದಿ ಬಿದ್ದು ಬಿದ್ದು ನಕ್ಕಿದ್ದರು. ಒಗ್ಗರಣೆಯ ವಾಸನೆ ಮೂಗಿಗೆ ಬಡಿದರೆ ಸಾಕು, ಸೌಟು ಬಿಟ್ಟು ಬಚ್ಚಲಿಗೆ ಓಡುತ್ತಿದ್ದ.

ಇವತ್ತು ಬೆಳಿಗ್ಗೆ ಬಾಣಲೆಗೆ ಬೆಳ್ಳುಳ್ಳಿ ಬಿದ್ದಾಗ ಅವನ ಬಾಯಲ್ಲಿ ನೀರೂರಿತು. ರೊಟ್ಟಿ ಮುರಿದು ಪಲ್ಯ ಹಚ್ಚಿ ಬಾಯಿಗಿಟ್ಟುಕೊಂಡ. ರುಚಿ ಹತ್ತಿತು. ಎರಡನೇ ತುತ್ತು ಕೈಯಲ್ಲೇ ಉಳಿಯಿತು.

ನೀಲಾಳ ಹೋದ ಸಲದ ಬಸಿರಿನಲ್ಲಿ ಹೀಗೇ ಹಸಿವಾದಾಗ "ಸಂಕಟ ಮುಗೀತವ್ವಾ!" ಎಂದು ಹಿಗ್ಗಿನಿಂದ ಕೂಗಿ, ಗಿರಾಕಿಗಳಿಗೆಲ್ಲ ಹೋಳಿಗೆ ಬಡಿಸಿದ್ದ. ಸಂಜೆ ದವಾಖಾನೆಯಲ್ಲಿ ಡಾಕ್ಟರು, ಕೂಸಿನ ಎದೆಬಡಿತ ನಿಂತಿದೆ ಎಂದಿದ್ದರು.

"ಅಪ್ಪಾ, ಇವತ್ತ ಇನ್ನೂ ವಾಂತಿ ಆಗಿಲ್ಲೇನು?" ಒಳಕೋಣೆಯಿಂದ ನೀಲಾ ಕೇಳಿದಳು.

ಮಡಿವಾಳಪ್ಪ ಬಚ್ಚಲಿಗೆ ಹೋಗಿ ಗಂಟಲಿಗೆ ಬೆರಳು ಹಾಕಿಕೊಂಡ. ತಿಂದ ತುತ್ತು ಹೊರಬಂತು. ಸಪ್ಪಳ ಕೇಳಿ ನೀಲಾ ಬಂದು ಅವನ ಬೆನ್ನು ನೀವಿದಳು. ಅವಳ ಮುಖ ಅರಳಿತ್ತು.

"ಎಷ್ಟ ಕಾಡತೈತಿ ನೋಡಪಾ, ನಿನ್ನ ಮೊಮ್ಮಗು!"

"ಕಾಡ್ಲಿ ಬಿಡವ್ವಾ," ಎಂದ ಅವನು, ಮುಖ ತಿರುಗಿಸದೆ. "ನೀ ಮೊದ್ಲ ಹೊಟ್ಟಿ ತುಂಬ ರೊಟ್ಟಿ ತಿನ್ನು. ಆಮ್ಯಾಲ ದವಾಖಾನಿಗೆ ಹೋಗಿ ಬರೂಣು."