ಸೆರಗಿನ ತುದಿ

"ಮಂಗಳೂರಿಗೆ ಬಂದು ಬೀಚ್ ನೋಡ್ದೆ ಹೋಗ್ತೀರಾ ಅತ್ತೆ? ಬಿಸಿಲಿಳಿದ್ಮೇಲೆ ಪಣಂಬೂರಿಗೆ ಹೋಗಿ, ಆಮೇಲೆ ಐಸ್‌ಕ್ರೀಮು," ಎನ್ನುತ್ತ ನಾಳಿನ ಮದುಮಗ ಉದಯಕುಮಾರ್, ಗಂಗಾಲಕ್ಷ್ಮಿ ಶ್ರೀನಿವಾಸಪುರದಿಂದ ಹೊತ್ತು ತಂದಿದ್ದ ಮಾವಿನಹಣ್ಣನ್ನು ಚೀಪುತ್ತಿದ್ದ. ಮೊಣಕೈಗಿಳಿದ ರಸವನ್ನು ಪಕ್ಕದಲ್ಲಿದ್ದ ಮದುಮಗಳು ಸರಳಾಳ ಸೆರಗಿಗೆ ಒರೆಸಿದ. ಅವಳತ್ತ ನೋಡಲೂ ಇಲ್ಲ.

"ಟವೆಲ್ ಕೊಡ್ಲೇನಪ್ಪಾ?" ಗಂಗಾಲಕ್ಷ್ಮಿ ನಗಲು ನೋಡಿದಳು.

"ಯಾಕತ್ತೆ? ನಿಮ್ ಮಗಳಿದ್ದಾಳಲ್ಲ!"

ಮದುವೆಗೆಂದು ಊರಿಂದ ಅವರ ಜೊತೆ ಬಸ್ಸಿನಲ್ಲಿ ಬಂದಿಳಿದ ನೆಂಟರೆಲ್ಲ ಗೊಳ್ಳೆಂದರು. ಅವನು ಇನ್ನೊಂದು ಹಣ್ಣಿಗೆ ಬಾಯಿ ಹಾಕಿದ. ರಸ ಇಳಿಯುವ ಮೊದಲೇ, ಯಾರೂ ಹೇಳದೆ, ಸರಳಾ ಸೆರಗಿನ ಒದ್ದೆಯಾಗದ ತುದಿಯನ್ನು ಹುಡುಕಿ ಅವನ ಮುಂದೆ ಹಿಡಿದು ನಿಂತಳು.

ಅವನ ಕೈ ತಾಗುವ ಮುಂಚೆ ಗಂಗಾಲಕ್ಷ್ಮಿ ಆ ತುದಿಯನ್ನು ಸರಕ್ಕನೆ ಎಳೆದು ಮಗಳ ಸೊಂಟಕ್ಕೆ ಸಿಕ್ಕಿಸಿದಳು.

"ಊರು ನೋಡಿದ್ದಾಯ್ತು ಕಣೇ. ಬಸ್ ಹತ್ತು."