ದುಡಿಯೋ ಸಾಮಾನು

ಆಯುಧಪೂಜೆಯ ದಿನ. ಬೆಳಗಿನ ಜಾವದಿಂದ ಹೂರಣ ರುಬ್ಬಿ, ಒಬ್ಬಟ್ಟು ತಟ್ಟಿ, ಹದಿನಾಲ್ಕು ಜನರಿಗೆ ಬಡಿಸುವಷ್ಟರಲ್ಲಿ ಭಾಗೀರಥಿಯ ಸೊಂಟ ಬಿದ್ದುಹೋಗಿತ್ತು. ಅಷ್ಟರಲ್ಲಿ ಮೊಸರೂ ಮುಗಿಯಿತು.

"ರೀ, ಸ್ಕೂಟರಲ್ಲಿ ಹೋಗಿ ಒಂದು ಲೀಟರ್ ಮೊಸರು ತಂದ್ಬಿಡಿ."

"ಪೂಜೆ ಆಗಿರೋ ಗಾಡಿ ಕಣೇ. ನಾಳೆವರೆಗೂ ಮುಟ್ಟೋ ಹಾಗಿಲ್ಲ," ಎಂದ ಗಂಡ ಕಾಲು ಚಾಚಿ ಮಲಗಿದ.

ಬಿಸಿಲಲ್ಲಿ ನಡೆದೇ ಹೋಗಿ ಮೊಸರು ತಂದಳು. ಸಂಜೆಯ ಚಟ್ನಿಗೆ ಒಂದು ಕಾಯಿಯನ್ನಾದರೂ ಸುಲಿದುಕೊಡಪ್ಪ ಎಂದರೆ ಮೈದುನ, "ಮಚ್ಚು ಪೂಜೆಗಿಟ್ಟಿದೆಯಲ್ಲ ಅತ್ತಿಗೆ," ಎಂದ. ಉಗುರು ಕಿತ್ತುಬರುವ ಹಾಗೆ ಕೈಯಲ್ಲೇ ನಾರು ಎಳೆಯುತ್ತ ಕೂತವಳು ಗೊಣಗಿದಳು, "ಇದೊಳ್ಳೆ ಹಬ್ಬ."

ಅದು ಅತ್ತೆಯ ಕಿವಿಗೆ ಬಿತ್ತು. "ಹಾಗನ್ನಬೇಡ. ವರ್ಷವೆಲ್ಲ ದುಡಿಯೋ ಸಾಮಾನಿಗೆ ಒಂದು ದಿನ ವಿಶ್ರಾಂತಿ ಬೇಡ್ವಾ? ಹಬ್ಬದ ಅರ್ಥವೇ ಅದು ಕಣಮ್ಮ."

ಭಾಗೀರಥಿ ಎದ್ದು ಕೈ ತೊಳೆದುಕೊಂಡು ದೇವರ ಮನೆಗೆ ಹೋದಳು.

ಸಂಜೆ ಗಂಡನ ಸ್ನೇಹಿತರು ಬಂದರು. "ಬಿಸಿಬಿಸಿಯಾಗಿ ಬಜ್ಜಿ ಹಾಕೇ," ಎಂದು ಗಂಡ ನಡುಮನೆಯಿಂದ ಎರಡು ಸಲ ಕೂಗಿದ. ಅಡುಗೆಮನೆಯಲ್ಲಿ ಸದ್ದಿಲ್ಲ. ಕೊನೆಗೆ ಅತ್ತೆಯೇ ಎದ್ದು ಬಂದರು. ಒಲೆ ತಣ್ಣಗಿತ್ತು, ಬಾಣಲೆ ಖಾಲಿ ಇತ್ತು. ಸೊಸೆ ಗೋಡೆಗೊರಗಿ, ಕೈಗಳನ್ನು ಸೆರಗಿನೊಳಗಿಟ್ಟುಕೊಂಡು ಸುಮ್ಮನೆ ಕೂತಿದ್ದಳು.

"ಅಷ್ಟು ಹೊತ್ತಿಂದ ಅವನು ಕೂಗ್ತಿದ್ದಾನೆ. ಕೈಗೇನಾಗಿದೆ ನಿಂಗೆ?"

"ಪೂಜೆ ಆಗಿದೆ ಅತ್ತೆ," ಎನ್ನುತ್ತ ಭಾಗೀರಥಿ, ಅರಿಶಿನ ಕುಂಕುಮ ಹಚ್ಚಿ ಚೆಂಡುಹೂವಿನ ಸರ ಸುತ್ತಿದ್ದ ಎರಡೂ ಕೈಗಳನ್ನು ಮುಂದೆ ಚಾಚಿದಳು.